ಇಪ್ಪತ್ತೆಂಟು ಕಿಲೋಮೀಟರು

"ಗುರುಗಳೇ, ಸಾವಿನ ಬಾಗಿಲು ತಟ್ಟಿ ಬಂದವನಿಗೆ ಮೋಹ ತಾನಾಗಿಯೇ ಬಿಟ್ಟುಹೋಗುತ್ತದೆ ಎನ್ನುತ್ತಾರೆ. ಅದು ನಿಜವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನ ಬಳಿ ಇಟಲಿ ದೇಶದ ಒಂದು ಕೆಂಪು ಕಾರಿತ್ತು. ಎರಡೇ ಸೀಟು. ಮೇಲಿನ ಹೊದಿಕೆಯನ್ನು ಮಡಚಿ ಹಿಂದಕ್ಕೆ ಸರಿಸಬಹುದಿತ್ತು. ಪಂದ್ಯಕ್ಕೆ ಬಿಟ್ಟರೆ ಗಾಳಿಯನ್ನೂ ಹಿಂದೆ ಹಾಕುವ ಜಾತಿಯದು. ಅಂಥದ್ದು ಇಡೀ ದೇಶದಲ್ಲಿ ನಾಲ್ಕೋ ಐದೋ ಇದ್ದವಂತೆ. ದೊಡ್ಡ ಶಹರದ ಅಂಗಡಿಯಿಂದ ಮನೆ ಸೇರುವಷ್ಟರಲ್ಲಿ ಅದು ಇನ್ನೂರ ಹನ್ನೆರಡು ಕಿಲೋಮೀಟರು ಓಡಿತ್ತು. ಅಷ್ಟೇ. ಆಮೇಲೆ ಹನ್ನೊಂದು ವರ್ಷ ಷೆಡ್ಡು ಬಿಟ್ಟು ಕದಲಲಿಲ್ಲ. ಓಡದ ಕಾರಿಗೇ ಬೆಲೆ ಹೆಚ್ಚು ಎಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. ವಾರಕ್ಕೊಮ್ಮೆ ನಿಂತಲ್ಲೇ ಎಂಜಿನ್ ಚಾಲೂ ಮಾಡುತ್ತಿದ್ದ, ಮೀಟರ್ ನೋಡುತ್ತಿದ್ದ, ಆಫ್ ಮಾಡುತ್ತಿದ್ದ. ಆಯುಧಪೂಜೆಯ ದಿನ ಊರವರೆಲ್ಲ ಗಾಲಿಯ ಅಡಿಗೆ ನಿಂಬೆಹಣ್ಣಿಟ್ಟು ಗಾಡಿ ಹತ್ತಿಸಿದರೆ, ಇವನು ನಿಂಬೆಹಣ್ಣನ್ನು ಕಲ್ಲಿನಿಂದ ಜಜ್ಜಿ ಗಾಲಿಗೆ ಸವರುತ್ತಿದ್ದ. ದೇವರಿಗೂ ಒಂದು ಮೊಳ ಬಿಟ್ಟುಕೊಟ್ಟವನಲ್ಲ.

ಅವನ ಹೆಂಡತಿ ತವರಿನಲ್ಲಿ ಜೀಪು ಓಡಿಸಿ ಬೆಳೆದವಳು. ಕೆರೆ ಏರಿಯ ತನಕ ಒಂದು ಸಲ ಹೋಗಿಬರೋಣ ಎಂದು ಮೊದಮೊದಲು ಕೇಳಿದಳು. "ಸುಮ್ಮನೆ ಯಾಕೆ ಕಿಲೋಮೀಟರ್ ಹೆಚ್ಚಿಸೋದು" ಎಂಬ ಉತ್ತರ ಬರುತ್ತಿತ್ತು. ಕ್ರಮೇಣ ಅವಳು ಕೇಳುವುದನ್ನೇ ಬಿಟ್ಟಳು.

ಒಂದು ಮಧ್ಯಾಹ್ನ ವರ್ತಕ ಊಟದ ಎಲೆಯ ಮುಂದೆ ಎದೆ ಹಿಡಿದುಕೊಂಡು ಒರಗಿದ. ದಿನ ಬಳಸುವ ಕಾರನ್ನು ಡ್ರೈವರ್ ಪಕ್ಕದ ಊರಿಗೆ ಒಯ್ದಿದ್ದ. ಆಂಬುಲೆನ್ಸಿಗೆ ಫೋನು ಮಾಡಿದರೆ ಮುಕ್ಕಾಲು ಗಂಟೆಯಾಗುತ್ತದೆ ಎಂದರು. ಹೆಂಡತಿ ಹಿಂದೆಮುಂದೆ ನೋಡಲಿಲ್ಲ. ಕೆಂಪು ಕಾರನ್ನು ಹೊರಗೆ ತೆಗೆದು ಹೊದಿಕೆ ಮಡಚಿದಳು. ನೆರೆಮನೆಯವರಿಬ್ಬರು ಅವನನ್ನು ಎತ್ತಿ ಮೇಲಿನಿಂದಲೇ ಸೀಟಿಗೆ ಇಳಿಸಿದರು. ಒಂದು ಕೈಯಲ್ಲಿ ಗಂಡ ವಾಲದಂತೆ ಆನಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಹದಿನಾಲ್ಕು ಕಿಲೋಮೀಟರು ದೂರದ ಆಸ್ಪತ್ರೆ ಮುಟ್ಟಿದಳು. ಹತ್ತು ನಿಮಿಷ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ವೈದ್ಯರು. ಪ್ರಾಣಕ್ಕೆ ಭಯವಿಲ್ಲ ಎಂದು ತಿಳಿದ ಮೇಲೆ, ಅವನ ಬಟ್ಟೆಬರೆ ತರಲು ಅದೇ ಕಾರಿನಲ್ಲಿ ಮನೆಗೆ ಮರಳಿದಳು. ಗಂಡಹೆಂಡತಿ ಆ ಕಾರಿನಲ್ಲಿ ಜೊತೆಯಾಗಿ ಕೂತದ್ದು ಆಸ್ಪತ್ರೆಗೆ ಹೋಗುವಾಗಿನ ಅದೊಂದೇ ಸಲ, ಆಗಲೂ ಅವನಿಗೆ ಎಚ್ಚರವಿರಲಿಲ್ಲ.

ಅವನಿಗೆ ಸಿಟ್ಟು, ಗಾಬರಿ ಆಗಕೂಡದು ಎಂದು ವೈದ್ಯರು ಎಚ್ಚರಿಸಿದ್ದರು. ಹಾಗಾಗಿ ಅವಳು ಆಂಬುಲೆನ್ಸ್ ಬಂತು ಎಂದು ಹೇಳಿಬಿಟ್ಟಳು. ಎಂಜಿನ್ ಚಾಲೂ ಮಾಡುವ ಕೆಲಸ ಈಗ ಡ್ರೈವರನ ಪಾಲಿಗೆ ಬಂದಿತ್ತು. ಅವನಿಗೂ ಬಾಯಿ ಬಿಡಬೇಡ ಎಂದಳು. ಗಂಡ ಚೇತರಿಸಿಕೊಂಡ ಮೇಲೆ ತಾನೇ ಹೇಳಿದರಾಯಿತು, ಕೇಳಿ ಅವನ ಕಣ್ಣು ತುಂಬೀತು ಎಂದು ಒಳಗೊಳಗೇ ಆಸೆಪಟ್ಟಳು.

ನಾಲ್ಕು ತಿಂಗಳಿಗೆ ದೂರದಿಂದ ಒಬ್ಬ ಗಿರಾಕಿ ಬಂದ. ಅಪರೂಪದ ಕಾರುಗಳನ್ನು ಕೂಡಿಹಾಕುವ ಸಿರಿವಂತ. ಇನ್ನೂರ ಹನ್ನೆರಡು ಎಂಬ ವರ್ತಕನ ಒಂದು ಮಾತಿನ ಮೇಲೆ ವ್ಯಾಪಾರ ಕುದುರಿತ್ತು. ಹೆಂಡತಿ ಮಜ್ಜಿಗೆ ಲೋಟ ಹಿಡಿದು ಷೆಡ್ಡಿನ ಬಾಗಿಲಿಗೆ ಬರುವುದಕ್ಕೂ ಗಿರಾಕಿ ಒಳಗೆ ಕೂತು ಕೀಲಿ ತಿರುಗಿಸುವುದಕ್ಕೂ ಸರಿಹೋಯಿತು. ಮೀಟರ್ ಇನ್ನೂರ ನಲವತ್ತು ತೋರಿಸಿತು.

ವರ್ತಕ ಬಗ್ಗಿ ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಆಮೇಲೆ ಡ್ರೈವರನ ಕಾಲರಿಗೆ ಕೈ ಹಾಕಿದ.

"ಉಂಡ ಮನೆ ಜಂತೆ ಎಣಿಸಿದೆಯಲ್ಲೋ. ಇವತ್ತೇ ಗಂಟುಮೂಟೆ ಕಟ್ಟು."

ಡ್ರೈವರ್ ಅಮ್ಮನವರ ಮುಖ ನೋಡಿದ. ಇನ್ನು ಮುಚ್ಚಿಟ್ಟರೆ ಪಾಪ ಬರುತ್ತದೆ ಎನಿಸಿತು ಅವಳಿಗೆ.

"ಅವನನ್ನ ಬಿಡಿ. ಓಡಿಸಿದ್ದು ನಾನು. ಆವತ್ತು ಆಂಬುಲೆನ್ಸ್ ಬರಲೇ ಇಲ್ಲ ಕಣ್ರೀ. ನಿಮ್ಮನ್ನ ಇದರಲ್ಲೇ ಆಸ್ಪತ್ರೆಗೆ ಕರಕೊಂಡು ಹೋದೆ."

ಗಿರಾಕಿ ಕಾರಿನಿಂದ ಇಳಿದು ಅವಳಿಗೆ ಕೈ ಮುಗಿದ. ವರ್ತಕನ ಕೈ ಕಾಲರಿನಿಂದ ಜಾರಿತು. ಅವನ ತುಟಿ ಅಲ್ಲಾಡುತ್ತಿತ್ತು. ಅವಳು ಆ ಮುಖವನ್ನೇ ನೋಡುತ್ತ ನಿಂತಳು. ಈ ಗಳಿಗೆಗಾಗಿಯೇ ಅವಳು ಇಷ್ಟು ದಿನ ಕಾದಿದ್ದಳು. ಅವನು ಬೆರಳು ಮಡಚಿ ಎಣಿಸುತ್ತಿದ್ದ.

"ಹೋಗೋಕೆ ಹದಿನಾಲ್ಕು, ಸರಿ, ಒಪ್ಪಿದೆ. ಬರುವಾಗ ನಾನು ಒಳಗಿರಲಿಲ್ಲವಲ್ಲ. ಲಾರಿ ಮೇಲೆ ಹೇರಿಸಿಕೊಂಡು ಬರೋಕೆ ಏನಾಗಿತ್ತು ನಿನಗೆ?"

ಅವನು ಇನ್ನೂ ಏನೋ ಹೇಳುತ್ತಿದ್ದ, ಅವಳಿಗೆ ಕೇಳಿಸಲಿಲ್ಲ. ಸಾಯಲಿದ್ದವನನ್ನು ಉಳಿಸಿ ತಂದಿದ್ದೇನೆ ಎಂದುಕೊಂಡಿದ್ದಳು, ಉಳಿದು ಬಂದದ್ದು ಏನು ಎಂದು ಅವಳಿಗೆ ಆಗ ತಿಳಿಯಿತು. ಒದ್ದೆ ಲೋಟವನ್ನು ಕಾರಿನ ಬಾನೆಟ್ಟಿನ ಮೇಲಿಟ್ಟಳು. ಹೊರಗೆ ನಡೆದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಕತೆ ಮುಂದುವರಿಯುವ ಹಾಗೆ ಕಾಣಲಿಲ್ಲ.

"ಕೊನೆಗೆ ಆ ಕಾರು ಮಾರಾಟವಾಯಿತೇ, ಗುರುಗಳೇ?"

"ಹೊರಗೆ ನಡೆದ ಹೆಂಗಸು ಎಲ್ಲಿಗೆ ಹೋದಳು ಎಂದು ನೀನೂ ಕೇಳಲಿಲ್ಲ," ಎಂದರು ಗುರುಗಳು.