ಮಠಕ್ಕೆ ಬೇಡವಾದ ರೊಟ್ಟಿ

ಪೂಜ್ಯ ಮರುಳಸಿದ್ಧ ತಾತನವರು ಆ ಕಾಲದಲ್ಲಿ ಹತ್ತಿ ಗಿರಣಿಯ ಹಿಂದಿನ ತಗಡಿನ ಕೊಟ್ಟಿಗೆಯೊಂದರಲ್ಲಿ ವಾಸವಾಗಿದ್ದರು. ಮಠವೆಂದರೆ ಅದೇ. ಒಂದು ಕಂಬಳಿ, ಒಂದು ನೀರಿನ ಕೊಡ, ಗೂಟಕ್ಕೆ ತೂಗುಹಾಕಿದ ಜೋಳಿಗೆ. ಗಾಳಿ ಬೀಸಿದರೆ ಗಿರಣಿಯ ಅರಳೆ ಹಾರಿಬಂದು ಅವರ ಗಡ್ಡಕ್ಕೆ ಮೆತ್ತಿಕೊಳ್ಳುತ್ತಿತ್ತು. ಅದನ್ನು ತೆಗೆಯುವ ಗೋಜಿಗೂ ಅವರು ಹೋಗುತ್ತಿರಲಿಲ್ಲ.

ಆ ಮಠಕ್ಕೆ ದಿನವೂ ತಪ್ಪದೆ ಬರುತ್ತಿದ್ದವಳು ಸೂಗಮ್ಮ. ಅವಳ ಒಬ್ಬನೇ ಮಗ ಅಮರಪ್ಪ ಎದೆರೋಗದಿಂದ ಹಾಸಿಗೆ ಹಿಡಿದಿದ್ದ. ಅವನು ಎದ್ದು ಓಡಾಡುವ ತನಕ ಒಲೆಯ ಮೊದಲ ರೊಟ್ಟಿ ತಾತನವರಿಗೇ ಎಂದು ಆಕೆ ಹರಕೆ ಹೊತ್ತಿದ್ದಳು. ಅದಕ್ಕೆ ತಾನೇ ಒಂದು ಕಟ್ಟುಪಾಡನ್ನೂ ಸೇರಿಸಿದ್ದಳು. ಆ ರೊಟ್ಟಿ ಮಠಕ್ಕೆ ಮುಟ್ಟುವವರೆಗೆ ಅಂದು ಬಡಿದ ರೊಟ್ಟಿಯನ್ನು ಮನೆಯಲ್ಲಿ ಯಾರೂ ಬಾಯಿಗಿಡಬಾರದು.

ಆ ಮನೆಗೆ ಜೋಳ ತರುತ್ತಿದ್ದವಳು ಸೊಸೆ ಹಂಪಮ್ಮ. ಗಿರಣಿಯಲ್ಲಿ ಹತ್ತಿ ಆರಿಸುವ ಕೆಲಸ ಅವಳದು. ಗಿರಣಿಯ ಬಾಗಿಲು ತೆರೆಯುವುದು ಮಠದ ಬಾಗಿಲಿಗಿಂತ ಮೊದಲು. ಹೀಗಾಗಿ ಅವಳ ಬುತ್ತಿಗೆ ಸಿಗುತ್ತಿದ್ದುದು ಹಿಂದಿನ ದಿನದ ರೊಟ್ಟಿ, ಒಣಗಿ ಸೆಟೆದದ್ದು, ಮೇಲೊಂದು ಚಿಟಿಕೆ ಖಾರಪುಡಿ, ಒಂದು ಉಳ್ಳಾಗಡ್ಡಿ. ತುಪ್ಪ ಸವರಿದ ರೊಟ್ಟಿ ಒಲೆಯ ಪಕ್ಕ ಹಬೆಯಾಡುತ್ತಿರುವಾಗಲೇ ಅವಳು ಆ ಗಂಟನ್ನು ಎತ್ತಿಕೊಂಡು ಹೊರಡುತ್ತಿದ್ದಳು.

ಒಮ್ಮೆ ಮಾತ್ರ ಕೇಳಿದ್ದಳು. "ಅತ್ತಿ, ಒಂದು ಬಿಸೇದು ಕೊಡ್ರಿ. ಹತ್ತಿ ಅರಳಿ ಗಂಟಲಾಗ ಕುಂತದ, ಇದು ಇಳಿಯಂಗಿಲ್ಲ."

"ಗಂಡನ ಜೀವಕ್ಕಿಂತ ನಿನ್ನ ಗಂಟಲು ದೊಡ್ಡದಾತೇನು?" ಎಂದಿದ್ದಳು ಸೂಗಮ್ಮ. ಹಂಪಮ್ಮ ಮತ್ತೆ ಕೇಳಲಿಲ್ಲ.

ಒಂದು ಬೆಳಿಗ್ಗೆ ಸೂಗಮ್ಮ ಎಂದಿನಂತೆ ರೊಟ್ಟಿಯನ್ನು ಮುಂದಿಟ್ಟು ಅಡ್ಡಬಿದ್ದಳು. ತಾತನವರು ಕೈ ಚಾಚಲಿಲ್ಲ.

"ನಿಮ್ಮ ಮನಿ ರೊಟ್ಟಿ ನಿನ್ನೆ ಮಧ್ಯಾಹ್ನನೂ ಉಂಡೀನವ್ವ" ಎಂದರು. "ಹಲ್ಲು ಇನ್ನೂ ನೋಯ್ತದ."

"ನಾ ತರೋದು ಮೆತ್ತಗಿರ್ತದಲ್ರಿ ತಾತಾ!"

ತಾತನವರು ಜೋಳಿಗೆಯಿಂದ ಒಂದು ತುಣುಕು ತೆಗೆದು ಹೊಸ್ತಿಲ ಕಲ್ಲಿಗೆ ಬಡಿದರು. ಹಲಗೆ ಬಡಿದಂತೆ ಸದ್ದಾಯಿತು. ನಡೆದದ್ದನ್ನು ಅವರೇ ಹೇಳಿದರು. ಹಿಂದಿನ ಮಧ್ಯಾಹ್ನ ಗಿರಣಿಯ ಹೆಣ್ಣುಮಕ್ಕಳೆಲ್ಲ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿ ಒಬ್ಬರದನ್ನೊಬ್ಬರು ಹಂಚಿಕೊಂಡು ಉಣ್ಣುವಾಗ ಒಬ್ಬಳು ಗೋಡೆಗೆ ಮುಖ ಮಾಡಿ ಕೂತಿದ್ದಳಂತೆ. ತಾತನವರು ಭಿಕ್ಷೆಗೆಂದು ಅವಳ ಮುಂದೆಯೇ ಜೋಳಿಗೆ ಒಡ್ಡಿದ್ದರು. ಅವಳು ತಲೆ ಎತ್ತದೆ ಇದನ್ನು ಹಾಕಿದ್ದಳು.

ಸೂಗಮ್ಮ ರೊಟ್ಟಿಯನ್ನು ಮತ್ತೆ ಅವರ ಮುಂದೆ ಸರಿಸಿದಳು. "ಹರಕಿ ಅದರೀ, ಮಗನ ಸಲುವಾಗಿ..."

"ನಿನ್ನ ಮಗನ ಬಾಯಿಗೆ ಅಂಬಲಿ ಬರೂದು ಆಕಿ ರಟ್ಟಿಯಿಂದ. ಆಕಿ ಬಾಯಿಂದ ಕಸಗೊಂಡ ರೊಟ್ಟಿ ನನಗ ವಿಷ. ಇದನ್ನ ಆಕಿ ಬುತ್ತಿಗೆ ಕಟ್ಟು."

"ಹಂಗಾದ್ರ ನನ್ನ ಮಗ ಉಳೀತಾನೇನ್ರಿ?"

ತಾತನವರು ಆ ಒಣ ತುಣುಕನ್ನು ಜೋಳಿಗೆಗೆ ಹಾಕಿಕೊಂಡರು. "ಅದು ನನಗ ಗೊತ್ತಿಲ್ಲವ್ವ" ಎಂದರು.

ಸೂಗಮ್ಮ ಕುದಿಯುತ್ತಲೇ ಮನೆಗೆ ಬಂದಳು. ಸೊಸೆ ಚಾಡಿ ಹೇಳಿದ್ದಾಳೆ, ಗುರು ಮುನಿದಿದ್ದಾರೆ, ಮಗನ ಗತಿ ಏನು! ಆದರೂ ಗುರುವಾಕ್ಯ ಮೀರುವ ಧೈರ್ಯವಾಗಲಿಲ್ಲ. ಮರುದಿನ ಮೊದಲ ರೊಟ್ಟಿಯನ್ನು ಹಂಚಿನಿಂದ ಇಳಿಸಿ, ನಡುವೆ ಪುಂಡಿಪಲ್ಯ ಇಟ್ಟು ಬಟ್ಟೆಯಲ್ಲಿ ಕಟ್ಟಿದಳು.

ಗಂಟು ಕೈಗೆ ಬಿಸಿ ತಾಗಿದ್ದೇ ಹಂಪಮ್ಮ ಬಿಚ್ಚಿ ನೋಡಿದಳು. "ಇದು ಮಠದ್ದಲ್ಲೇನ್ರಿ?"

"ನಿನಗೇ."

ಹಂಪಮ್ಮ ಅದನ್ನು ಹಾಗೇ ಕೆಳಗಿಟ್ಟಳು. "ಬ್ಯಾಡ್ರಿ ಅತ್ತಿ. ನಾ ಇದನ್ನ ತಿಂದು, ನಾಳೆ ಅವರಿಗೆ ಹೆಚ್ಚುಕಮ್ಮಿ ಆದ್ರ, ಗಂಡನ್ನ ತಿಂದಾಕಿ ಅಂತೀರಿ. ನಂದು ನನಗ ಕೊಡ್ರಿ." ಹಾಗೆಂದು ನಿನ್ನೆಯ ರೊಟ್ಟಿಯ ಬುಟ್ಟಿಗೆ ಕೈಹಾಕಿದಳು.

ಆ ಮಾತು ಸೂಗಮ್ಮನ ನಾಲಿಗೆಯ ತುದಿಯಲ್ಲಿ ಆಗಲೇ ಸಿದ್ಧವಾಗಿತ್ತು. ಈಗ ಅದನ್ನು ಸೊಸೆಯ ಬಾಯಲ್ಲಿ ಕೇಳಿದಳು. ತಾತನವರ ಮಠದಲ್ಲಿ ತಿಳಿಯದೆ ಹೋದದ್ದು ಒಲೆಯ ಮುಂದೆ ತಿಳಿಯಿತು. ಬಿಸಿರೊಟ್ಟಿಯ ಅಂಚು ಮುರಿದು ತನ್ನ ಬಾಯಿಗೆ ಹಾಕಿಕೊಂಡಳು.

"ಹರಕಿ ಮುರಿದಾಕಿ ನಾನು. ಏನು ಬಂದ್ರೂ ನನಗ ಬರ್ಲಿ. ಈಗ ಒಯ್ಯಿ."

ಹಂಪಮ್ಮ ಒಯ್ದಳು. ಅತ್ತೆಯ ಮುಖವನ್ನು ಮಾತ್ರ ನೋಡಲಿಲ್ಲ.

ಶ್ರಾವಣ ಬರುವ ಮುಂಚೆಯೇ ಅಮರಪ್ಪ ತೀರಿಕೊಂಡ. ತಾತನವರು ತಾವಾಗಿ ಬಂದು ಸಂಜೆಯತನಕ ಆ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಒಂದು ಮಾತೂ ಆಡಲಿಲ್ಲ. ಓಣಿಯವರು ಆಡಿದರು: ಹರಕೆ ಮುರಿದಳು, ಮಗನನ್ನು ಮಣ್ಣು ಮಾಡಿದಳು. ಆ ಅನುಮಾನ ಸೂಗಮ್ಮನ ಎದೆಯಲ್ಲೂ ಮುಳ್ಳಿನಂತೆ ಮುರಿದು ಉಳಿದಿತ್ತು. ಕೊನೆಯತನಕ ಅದು ಹೋಗಲಿಲ್ಲವೆನ್ನುತ್ತಾರೆ.

ಹಂಪಮ್ಮ ಮತ್ತೆ ಕೆಲಸಕ್ಕೆ ಹೊರಟ ದಿನ ಸೂಗಮ್ಮ ಕತ್ತಲಿರುವಾಗಲೇ ಎದ್ದು ರೊಟ್ಟಿ ಬಡಿದಳು. ನೆರೆಯಾಕೆ ಬಾಗಿಲಿಗೆ ಬಂದು ನಿಂತು, "ಗಂಡನ್ನ ಕಳಕೊಂಡಾಕಿಗೆ ಬಿಸಿರೊಟ್ಟಿ ಬ್ಯಾರೆ!" ಎಂದಳು.

ಸೂಗಮ್ಮ ಬುತ್ತಿಯ ಗಂಟನ್ನು ಬಿಗಿದು ಎದ್ದಳು.

"ದಾರಿ ಬಿಡವ್ವ" ಎಂದಳು. "ನನ್ನ ಮಗಳಿಗೆ ಹೊತ್ತಾಗ್ತದ."