ಹತ್ತು ಕಿಲೋ ಹಿಡಿಯುವ ಆಯಸ್ಕಾಂತ

ಎಳನೀರು ಮಾರುವ ಮರಿಸ್ವಾಮಿ ಕೊಕ್ಕೆ ಇರುವ ಆಯಸ್ಕಾಂತವೊಂದನ್ನು ಕೊಂಡು ತಂದು, ತಳ್ಳುಗಾಡಿಯ ಪಕ್ಕದ ತಗಡಿಗೆ ಅಂಟಿಸಿ, ಮಚ್ಚನ್ನು ಅದಕ್ಕೆ ನೇತುಹಾಕಿದ. ಪೊಟ್ಟಣದ ಮೇಲೆ 'ಹತ್ತು ಕಿಲೋ ಹಿಡಿಯುತ್ತದೆ' ಎಂದು ಬರೆದಿತ್ತು. ಆಯಸ್ಕಾಂತಕ್ಕೆ ಆ ಮಾತು ಬಾಯಿಪಾಠ.

"ನೀನು ಎರಡು ಕಿಲೋನೂ ಇಲ್ಲ, ನಿಶ್ಚಿಂತೆಯಿಂದ ತೂಗಾಡು" ಎಂದು ಅದು ಮಚ್ಚಿಗೆ ಅಭಯ ಕೊಟ್ಟಿತು.

"ಕೆಳಗೆ ಯಜಮಾನರ ಪಾದವಿದೆ, ಸ್ವಾಮಿ" ಎಂದಿತು ಮಚ್ಚು.

ತಗಡು ಕೇಳಿತು: "ಹತ್ತು ಕಿಲೋ ಹಿಡಿದದ್ದು ಎಲ್ಲಿ?"

"ಕಾರ್ಖಾನೆಯಲ್ಲಿ. ದಪ್ಪನೆಯ ಕಬ್ಬಿಣದ ಹಲಗೆ, ನುಣ್ಣಗೆ ಉಜ್ಜಿದ್ದು. ನನ್ನನ್ನು ನೇರವಾಗಿ ಎಳೆದು ನೋಡಿದರು, ನಾನು ಬಿಡಲಿಲ್ಲ."

"ನಾನು ತೆಳು ತಗಡು. ಪ್ರತಿ ಆಯುಧಪೂಜೆಗೂ ಯಜಮಾನರು ಹಳೆಯ ಬಣ್ಣದ ಮೇಲೇ ಹೊಸದನ್ನು ಬಳಿಯುತ್ತಾರೆ. ನಮ್ಮಿಬ್ಬರ ನಡುವೆ ಅಷ್ಟೂ ಬಣ್ಣವಿದೆ. ಮೇಲಾಗಿ ಇಲ್ಲಿ ಭಾರ ನಿಮ್ಮನ್ನು ನೇರವಾಗಿ ಎಳೆಯುವುದಿಲ್ಲ, ನನ್ನ ಮೈಗುಂಟ ಕೆಳಕ್ಕೆ ಜಗ್ಗುತ್ತದೆ. ನೀವು ಜಾರುತ್ತೀರಿ."

"ಬರೆದಿರುವುದನ್ನೇ ನಂಬದವರ ಜೊತೆ ನನಗೇನು ಮಾತು" ಎಂದು ಆಯಸ್ಕಾಂತ ಮುಖ ಊದಿಸಿಕೊಂಡಿತು.

ಗಾಡಿ ರಸ್ತೆಯ ಹಂಪ್ ಹತ್ತಿ ಇಳಿಯಿತು. ಆಯಸ್ಕಾಂತ ಮಚ್ಚಿನ ಸಮೇತ ಜರ್ರನೆ ಜಾರಿ ನೆಲಕ್ಕೆ ಬಿತ್ತು. ಮರಿಸ್ವಾಮಿಯ ಚಪ್ಪಲಿಯ ತುದಿ ತುಂಡಾಯಿತು, ಹೆಬ್ಬೆರಳು ಕೂದಲೆಳೆಯ ಅಂತರದಲ್ಲಿ ಉಳಿಯಿತು. ಅವನು ಬೈದುಕೊಳ್ಳುತ್ತಲೇ ಆಯಸ್ಕಾಂತವನ್ನು ಗಾಡಿಯ ಅಡಿಯಲ್ಲಿ, ಬಣ್ಣ ಕಾಣದ ದಪ್ಪ ಕಬ್ಬಿಣದ ಪಟ್ಟಿಗೆ ಅಂಟಿಸಿ ಮಚ್ಚು ತೂಗುಹಾಕಿದ. ಈ ಸಲ ಅದು ಅಲುಗಾಡಲಿಲ್ಲ.

ಮಧ್ಯಾಹ್ನ ಗಾಡಿಯ ಮೇಲಿನ ಕೊಡೆ ಬಗ್ಗಿ ವಿಚಾರಿಸಿತು: "ಹೊಸಬರೇ, ತಾವು ಎಷ್ಟು ಕಿಲೋ ಹಿಡಿಯುತ್ತೀರಿ?"

ಆಯಸ್ಕಾಂತ ತುಸು ಯೋಚಿಸಿ ಕೇಳಿತು: "ಯಾವುದಕ್ಕೆ ಅಂಟಿಕೊಂಡು?"