ಹಿಮ ಮಾತು ಬಿಟ್ಟಿದ್ದು ಯಾಕೆ

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ನದಿಗಳಿಗೆ ದಾರಿ ಗೊತ್ತಿರಲಿಲ್ಲ, ಕಂಡಕಂಡವರನ್ನು ಕೇಳಿಕೊಂಡು ಇಳಿಯುತ್ತಿದ್ದವು. ಆ ಕಾಲದಲ್ಲಿ ಹಿಮ ಮಾತಾಡುತ್ತಿತ್ತು. ಮಾತು ಅಂದರೆ ಅಂತಿಂಥ ಮಾತಲ್ಲ. ಬೆಳಗ್ಗೆ ಶುರು ಮಾಡಿದರೆ ಹೊತ್ತು ಮುಳುಗುವ ತನಕ ಅದರ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ.

ಬಡಗಣ ದಿಕ್ಕಿನ ದೊಡ್ಡ ಬೆಟ್ಟಗಳ ನಡುವೆ ಪಾಲ್ಮೋ ಎಂಬ ಹೆಂಗಸಿದ್ದಳು. ಅವಳ ತವರು ಪಕ್ಕದ ಕಣಿವೆಯಲ್ಲಿ. ನಡುವೆ ಒಂದು ಕಡಿದಾದ ಇಳಿಜಾರು, ಚಳಿಗಾಲವಿಡೀ ಹಿಮ ಹೊದ್ದು ಮಲಗಿರುತ್ತಿತ್ತು. ಅದನ್ನು ಅಡ್ಡ ದಾಟಿದರೆ ಅಮ್ಮನ ಮನೆ.

ದಾಟುವ ಮುಂಚೆ ಅಂಚಿನಲ್ಲಿ ನಿಂತು ಕೇಳಬೇಕು. ಅದು ಆಗಿನ ಪದ್ಧತಿ.

"ಹಿಮಕ್ಕಾ, ಬರಲಾ?"

"ಬಾ ತಾಯಿ, ಬಾ. ರಾತ್ರಿಯ ಚಳಿಗೆ ಚೆನ್ನಾಗಿ ಗಟ್ಟಿಯಾಗಿದ್ದೀನಿ," ಅನ್ನುತ್ತಿತ್ತು ಹಿಮ. ಇಲ್ಲವೇ, "ಇವತ್ತು ಬೇಡ ಕಣೇ. ಗಾಳಿ ಹೊಸ ಹಿಮ ತಂದು ಮೈಮೇಲೆ ಸುರಿದಿದೆ. ಕೆಳಗಿನದು ರವೆ ಥರ ಉದುರುದುರು. ಒಂದಕ್ಕೊಂದು ಹಿಡಿತವಿಲ್ಲ. ಸ್ವಲ್ಪ ತಾಳು," ಅನ್ನುತ್ತಿತ್ತು.

ಪಾಲ್ಮೋ ತಾಳುತ್ತಿದ್ದಳು. ಅಂಚಿನ ಬಂಡೆಯ ಮೇಲೆ ಕೂತು ಹರಟುತ್ತಿದ್ದಳು. ಯಾವ ನರಿ ಯಾವ ಕಡೆ ಹೋಯಿತು, ಯಾರ ಮನೆಯ ಕುರಿ ದಾರಿ ತಪ್ಪಿತು, ಎಲ್ಲವೂ ಹಿಮಕ್ಕೆ ಗೊತ್ತು. ಅವಳಿಗೆ ಅಂಬೆಗಾಲು ಬಿಡಿಸಿ ನಡೆಯಲು ಕಲಿಸಿದ್ದೂ ಹಿಮವೇ. ಎಂಥ ಒಳ್ಳೆಯ ದಿನಗಳು ಅವು. ಈಗ ಎಲ್ಲಿಂದ ತರುವುದು.

ಒಂದು ಬೆಳಗ್ಗೆ ಗಾಳಿ ಓಡೋಡಿ ಬಂತು.

"ಪಾಲ್ಮೋ, ನಿಮ್ಮಮ್ಮ ಹಾಸಿಗೆ ಹಿಡಿದಿದ್ದಾಳೆ. ನಿನ್ನ ಹೆಸರನ್ನೇ ಕನವರಿಸ್ತಿದ್ದಾಳೆ."

ಪಾಲ್ಮೋ ಕೈಲಿದ್ದ ಕೆಲಸ ಬಿಟ್ಟು ಎದ್ದಳು. ಗಂಡ ನೋರ್ಜಂಗ್ ಅವಳ ಜೊತೆ ಹೊರಟ. ಆಗ ಕಷ್ಟದ ದಾರಿಯನ್ನೆಲ್ಲ ಜನ ಕೈ ಕೈ ಹಿಡಿದೇ ದಾಟುತ್ತಿದ್ದರು. ಕೈ ಹಿಡಿದರೆ ಭಯ ಅರ್ಧ, ಅನ್ನುತ್ತಿದ್ದರು. ಹಿಮದ ಮೇಲೆ ಭಾರ ಎರಡಾಗುತ್ತದೆ ಅನ್ನುವುದು ಯಾರಿಗೂ ಹೊಳೆದಿರಲಿಲ್ಲ.

"ಹಿಮಕ್ಕಾ, ಬರಲಾ?"

"ಬೇಡ ಮಗಳೇ. ನಿನ್ನೆಯೆಲ್ಲ ಸುರಿದಿದೆ, ನನ್ನ ಮೈ ನನ್ನ ಹಿಡಿತದಲ್ಲಿಲ್ಲ. ಬೆಟ್ಟದ ನೆತ್ತಿಯ ಮೇಲೆ ಸುತ್ತಿ ಹೋಗು. ಒಂದು ದಿನ ತಡವಾದೀತು, ಅಷ್ಟೇ."

"ಒಂದು ದಿನವಾ? ಅಷ್ಟರಲ್ಲಿ ಅಮ್ಮ ಹೋಗಿಬಿಟ್ಟರೆ?"

"ಬೇಡ ಅಂದೆನಲ್ಲ ಪಾಲ್ಮೋ."

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಹಾಗಾಯಿತು. "ನಿನಗೊಬ್ಬಳು ಅಮ್ಮ ಇದ್ದಿದ್ದರೆ ತಾನೇ ಗೊತ್ತಾಗೋದು. ಬಾಯಿ ಮುಚ್ಚು. ಇನ್ನೊಂದು ಮಾತು ಆಡಬೇಡ," ಅಂದುಬಿಟ್ಟಳು.

ಹಿಮ ಬಾಯಿ ಮುಚ್ಚಿತು. ಹೊಸ ಲೋಕ ನೋಡು, ಅಂದದ್ದು ಅಂದ ಹಾಗೇ ಆಗಿಬಿಡುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಗಂಡ ಹೆಂಡತಿ ಕೈ ಹಿಡಿದು ಇಳಿಜಾರಿಗೆ ಕಾಲಿಟ್ಟರು. ಇನ್ನೊಂದು ಹೆಜ್ಜೆ, ಮತ್ತೊಂದು ಹೆಜ್ಜೆ. ಹಿಮಕ್ಕೆ ಕೂಗಿ ಹೇಳುವ ಆಸೆ, ಬಾಯಿ ತೆರೆಯದು. ಸಂಕಟವೆಲ್ಲ ಹೊಟ್ಟೆಯೊಳಗೇ ಉಕ್ಕಿ, ಕಾಲ ಕೆಳಗಿಂದ ಒಂದು ಸದ್ದು ಬಂತು. ಧುಮ್.

ಪಾಲ್ಮೋ ನಿಂತುಬಿಟ್ಟಳು. ಅದರಲ್ಲಿ ಮಾತಿರಲಿಲ್ಲ. ಆದರೂ ಹುಟ್ಟಿದಾಗಿನಿಂದ ಕೇಳಿದ ದನಿ, ಗುರುತು ಸಿಗದೆ ಇರುತ್ತದೆಯೇ?

"ರೀ, ಕೈ ಬಿಡಿ."

"ಕೈ ಬಿಡೋದಾ? ನಿನ್ನೊಬ್ಬಳನ್ನೇ ಇಲ್ಲಿ ಬಿಟ್ಟು?"

"ಬಿಡಿ ಅಂದೆ. ಬಂದ ಹೆಜ್ಜೆಯಲ್ಲೇ ವಾಪಸ್ ಹೋಗಿ. ನೀವು ಬಂಡೆ ಹತ್ತಿದ ಮೇಲೆ ನಾನು ಬರ್ತೀನಿ."

ಅವನಿಗೆ ಕಣ್ಣಲ್ಲಿ ನೀರು ಬಂತು. ಆದರೂ ಕೈ ಬಿಟ್ಟ. ಅವನು ಬಂಡೆ ಸೇರುವ ತನಕ ಅವಳು ಉಸಿರು ಹಿಡಿದು ನಿಂತಿದ್ದಳು, ಆಮೇಲೆ ಮೆಲ್ಲಗೆ ಹೊರಟಳು. ಅವಳ ಕಾಲು ಬಂಡೆಗೆ ತಾಗಿದ್ದೇ ತಡ, ಮೇಲೆ ಉದ್ದಕ್ಕೂ ಬಿರುಕು ಓಡಿತು. ಇಡೀ ಇಳಿಜಾರು ಕಿತ್ತುಕೊಂಡು ಕಣಿವೆಗೆ ಬಿತ್ತು. ಅವರು ನಿಂತಿದ್ದ ಜಾಗದಲ್ಲಿ ಬರೀ ಕರಿ ಮಣ್ಣು ಉಳಿಯಿತು.

"ಹಿಮಕ್ಕಾ, ತಪ್ಪಾಯ್ತು. ಮಾತಾಡು," ಎಂದು ಪಾಲ್ಮೋ ಕರೆದಳು. ಮತ್ತೆ ಕರೆದಳು. ಉತ್ತರ ಬರಲಿಲ್ಲ.

ಬೆಟ್ಟದ ನೆತ್ತಿ ಸುತ್ತಿ ಅವರು ಮರುದಿನ ಮನೆ ಮುಟ್ಟಿದರು. ಅಮ್ಮ ಬದುಕಿದ್ದಳು. ಮಗಳ ಕೆನ್ನೆ ಸವರಿ, ಸಣ್ಣ ದನಿಯಲ್ಲಿ ಕೇಳಿದಳು: "ದಾರೀಲಿ ಹಿಮ ಏನಂತು ಮಗಳೇ?"

ಪಾಲ್ಮೋ ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟಳು.

ಅದಕ್ಕೇ ಇವತ್ತಿಗೂ ಮಳೆ ಗಲಗಲ ಮಾತಾಡುತ್ತಾ ಬರುತ್ತದೆ, ಹಿಮ ಮಾತ್ರ ತುಟಿ ಪಿಟಕ್ಕೆನ್ನದೆ ಬೀಳುತ್ತದೆ. ತೀರಾ ತಾಳಲಾರದಾದಾಗ ಕಾಲ ಕೆಳಗೆ ಒಮ್ಮೆ ಧುಮ್ ಅನ್ನುತ್ತದೆ. ಎಷ್ಟೋ ಸಲ ಅಷ್ಟೂ ಅದರ ಕೈಲಾಗುವುದಿಲ್ಲ. ಆ ಸದ್ದು ಕೇಳಿದರೆ ಬೆಟ್ಟದ ಜನ, ಆಚೆ ಬದಿಯಲ್ಲಿ ಹೆತ್ತ ತಾಯಿಯೇ ಕಾಯುತ್ತಿದ್ದರೂ, ಹಿಡಿದ ಕೈ ಬಿಟ್ಟು ಒಬ್ಬೊಬ್ಬರಾಗಿ ಹಿಂದಿರುಗುತ್ತಾರೆ.